ಇಟ್ಟುಕೋ ಅನ್ನುವವರು ಯಾರು, ತಿಕ್ಕುವವರು ಯಾರು?

ಹಳೇ ಮನೆಯ ಅಟ್ಟದಿಂದ ಪಾತ್ರೆ ಇಳಿಸಿದವರಿಗೆ ಗೊತ್ತಿರುತ್ತದೆ. ಅರ್ಧಕ್ಕರ್ಧ ಸ್ಟೀಲ್ ಪಾತ್ರೆಗಳ ಮೇಲೆ ಬೇರೆಯವರ ಹೆಸರು. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ, ಮದುವೆಯ ತಾರೀಖು, ಮುಯ್ಯಿ ಮಾಡಿದವರ ಊರು. ಆಗೆಲ್ಲ ಪಾತ್ರೆ ಅಂಗಡಿಯಲ್ಲೇ ನಿಂತು ಹೆಸರು ಹಾಕಿಸಿಕೊಂಡು ಬರುತ್ತಿದ್ದರು.

ಅಮ್ಮ ಮೈಸೂರಿನ ಮನೆ ಬಿಟ್ಟು ಬೆಂಗಳೂರಿನ ನಮ್ಮ ಫ್ಲ್ಯಾಟಿಗೆ ಬರುತ್ತಿದ್ದಾಳೆ. ಎರಡೇ ರೂಮು. ಕೊಟ್ಟುಬಿಡೋಣ ಅಂತ ನಾನು ಮೂಟೆ ಕಟ್ಟಿದ್ದನ್ನು ಅಮ್ಮ ಬಿಚ್ಚುತ್ತಾಳೆ. "ಇದು ಚಿಕ್ಕಮ್ಮ ಕೊಟ್ಟಿದ್ದು ಕಣೇ, ಇದು ಎದುರುಮನೆಯವರದ್ದು." ಅಮ್ಮಾ, ಅವರ ಮನೆ ಮದುವೆಗೆ ನಾವೂ ಮುಯ್ಯಿ ಮಾಡಿ ಬಂದಿದ್ದೇವೆ. ಆ ಲೆಕ್ಕ ಎಂದೋ ಚುಕ್ತಾ ಆಗಿದೆ.

ಮನೆ ಸಾಮಾನು ಒಪ್ಪ ಮಾಡೋದು ಹೇಗೆ ಅಂತ ಪುಸ್ತಕ ಬರೆದ ಜಪಾನಿನ ಮಾರಿ ಕೊಂಡೊ ಹೇಳುವ ಒಂದು ಮಾತು ನನಗೆ ಪೂರ್ತಿ ಒಪ್ಪಿಗೆ. ಬಟ್ಟೆ, ಪುಸ್ತಕ, ಕಾಗದಪತ್ರ, ಸಣ್ಣಪುಟ್ಟ ಸಾಮಾನು ಎಲ್ಲ ಮುಗಿಸಿ ಕೊನೆಗೆ ನೆನಪಿನ ವಸ್ತುಗಳಿಗೆ ಕೈ ಹಾಕಬೇಕು. ಆಲ್ಬಮ್ಮಿನಿಂದ ಶುರು ಮಾಡಿದರೆ ಸಂಜೆವರೆಗೂ ಅಲ್ಲೇ ಕೂತಿರುತ್ತೀರಿ. ಆದರೆ ಕೈಗೆತ್ತಿಕೊಂಡಾಗ ಖುಷಿ ಕೊಟ್ಟರೆ ಮಾತ್ರ ಇಟ್ಟುಕೊಳ್ಳಿ ಅನ್ನುತ್ತಾರಲ್ಲ, ಅದು ಆಗದ ಮಾತು. ತೀರಿಹೋದ ಅಪ್ಪನ ಕನ್ನಡಕ ಹಿಡಿದರೆ ಖುಷಿ ಎಲ್ಲಿಂದ ಬರಬೇಕು?

ಫೋಟೋ ತೆಗೆದಿಟ್ಟುಕೊಂಡು ವಸ್ತು ಕೊಟ್ಟುಬಿಡುವ ಉಪಾಯ ಮಾತ್ರ ಕೆಲಸ ಮಾಡುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ಇದನ್ನು ಪರೀಕ್ಷೆ ಮಾಡಿದ್ದಾರೆ, 2017ರಲ್ಲಿ ಪ್ರಕಟವಾಗಿದೆ. ಸುಮ್ನೆ ದಾನ ಕೊಡಿ ಅಂದಾಗ ಬಂದದ್ದು 533 ವಸ್ತು. ಫೋಟೋ ತೆಗೆದುಕೊಂಡು ಕೊಡಿ ಅಂದಾಗ 613. ನಮ್ಮಮ್ಮನೂ ಹಾಗೇ. ಹೆಸರು ಕಾಣುವ ಹಾಗೆ ಒಂದೊಂದೇ ಪಾತ್ರೆಯ ಫೋಟೋ ಹಿಡಿದೆ. ಯಾರು, ಯಾವ ಮದುವೆ, ಊಟಕ್ಕೆ ಏನಿತ್ತು, ಯಾರು ಮುನಿಸಿಕೊಂಡು ಎದ್ದು ಹೋದರು, ಎಲ್ಲ ಫೋನಿನಲ್ಲಿ ರೆಕಾರ್ಡ್ ಆಯಿತು. ಆಮೇಲೆ ಅಮ್ಮನೇ ಮೂಟೆಯ ಬಾಯಿ ಕಟ್ಟಿದಳು.

ಇನ್ನು ಇಟ್ಟುಕೊಳ್ಳುವ ವಿಷಯ. ಇಟ್ಟುಕೊಳ್ಳೋದು ಅಂದರೆ ಚಾಕರಿ. ಇದನ್ನು ಯಾರೂ ಹೇಳೋದಿಲ್ಲ. ರೇಷ್ಮೆ ಸೀರೆಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿಡಬೇಕು, ಆಗಾಗ ಬಿಚ್ಚಿ ಮಡಿಕೆ ಬದಲಿಸಬೇಕು. ಇಲ್ಲದಿದ್ದರೆ ಮಡಿಚಿದ ಗೆರೆಯಲ್ಲೇ ಜರಿ ಸೀಳುತ್ತದೆ. ಅಂಟು ಹಾಳೆಯ ಆಲ್ಬಮ್ಮಿನಿಂದ ಫೋಟೋ ಬಿಡಿಸದಿದ್ದರೆ ಹಳದಿ ತಿರುಗುತ್ತವೆ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಮಾಡಬೇಕಾದರೆ ಒಳಗೆ ಕಲಾಯಿ, ಅಂದರೆ ತವರದ ಲೇಪ, ಹಾಕಿಸಬೇಕು. ಕಲಾಯಿಯವರನ್ನು ಹುಡುಕಿ ನೋಡಿ, ಗೊತ್ತಾಗುತ್ತದೆ.

ನಮ್ಮ ಮನೆಗಳಲ್ಲಿ "ಅಜ್ಜಿ ಕಾಲದ್ದು, ಕೊಡಬೇಡಿ" ಅನ್ನುವವರು ಪಡಸಾಲೆಯಲ್ಲಿ ಕೂತಿರುತ್ತಾರೆ. ಹುಣಸೆಹಣ್ಣು ಹಾಕಿ ತಿಕ್ಕುವವಳು ಬಚ್ಚಲಲ್ಲಿರುತ್ತಾಳೆ. ಅದಕ್ಕೇ ನನ್ನದು ಒಂದೇ ಷರತ್ತು: ಬೇಕು ಅಂದವರು ಅದರ ಚಾಕರಿಯನ್ನೂ ಮಾಡಬೇಕು.

ಹಾಗಾಗಿ ನಾನು ಎರಡು ಸೀರೆ ಇಟ್ಟುಕೊಂಡೆ, ಉಡುತ್ತೇನೆ ಕೂಡ. ಅಪ್ಪನ ಜಮಾಖರ್ಚಿನ ಪುಸ್ತಕಗಳಲ್ಲಿ ಒಂದನ್ನು ಉಳಿಸಿದೆ. ಹಾಲು, ಸೀಮೆಎಣ್ಣೆ, ಸ್ಲೇಟು ಅಂತ ಬಲಕ್ಕೆ ವಾಲಿದ ಅಕ್ಷರ. ಅಕ್ಷರ ನೋಡಲು ಒಂದು ಪುಸ್ತಕ ಸಾಕು, ಅಲ್ವಾ?

ತಾಮ್ರದ ಹಂಡೆಯ ತಕರಾರು ಇನ್ನೂ ಮುಗಿದಿಲ್ಲ. ಹೈದರಾಬಾದಿನಿಂದ ಅಣ್ಣ ವಿಡಿಯೋ ಕಾಲ್ ಮಾಡಿ "ಹಂಡೆ ಮಾತ್ರ ಮಾರಬೇಡ" ಅಂದ. ಸರಿ ಅಣ್ಣಾ, ಲಾರಿಗೆ ಹಾಕಿಸುತ್ತೇನೆ, ನಿನ್ನ ಮನೆ ಲಿಫ್ಟಿನಲ್ಲಿ ಹಿಡಿಯುತ್ತಾ ಅಳತೆ ನೋಡಿ ಹೇಳು ಅಂದೆ. ಅತ್ತಿಗೆಯನ್ನು ಕೇಳಿ ಹೇಳುತ್ತಾನಂತೆ.