ಟೀ ಅಂದರೆ ಊಟ, ಬಿಸ್ಕತ್ತು ಅಂದರೆ ಬನ್ನು

ನಮ್ಮ ಅತ್ತೆ ಅರಸೀಕೆರೆಯಲ್ಲಿ ಹೈಸ್ಕೂಲ್ ಇಂಗ್ಲಿಷ್ ಮೇಡಂ ಆಗಿದ್ದವರು. ಸ್ಪೆಲ್ಲಿಂಗ್ ತಪ್ಪಿಗೆ ಅವರ ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಂತವರು ಈಗಲೂ ಅವರನ್ನು ಕಂಡರೆ ಪಂಚೆ ಇಳಿಬಿಟ್ಟು ನಮಸ್ಕಾರ ಮಾಡುತ್ತಾರೆ. ಹಾಗಾಗಿ ನಾವು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾಗ ಅತ್ತೆ ಮಾವ ಬರುತ್ತಾರೆಂದರೆ ಭಾಷೆಯ ಚಿಂತೆ ಯಾರಿಗೂ ಇರಲಿಲ್ಲ. ಚಿಂತೆ ಇದ್ದದ್ದು ಊಟದ್ದು. ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಇವೆರಡೂ ಬೇರೆ ಬೇರೆ ಚಿಂತೆ ಅಲ್ಲ ಅಂತ ತಿಳಿದದ್ದು ಪಕ್ಕದ ಮನೆಯ ಅಜ್ಜಿ ಎಲ್ಲರನ್ನೂ ಟೀಗೆ ಕರೆದಾಗ.

ಶನಿವಾರ ಸಂಜೆ ಐದೂವರೆಗೆ ಬನ್ನಿ ಅಂದಿದ್ದರು. ಬೇರೆಯವರ ಮನೆಗೆ ಹಸಿದುಕೊಂಡು ಹೋಗಬಾರದು ಅನ್ನುವುದು ಅತ್ತೆಯ ಪಾಲಿಸಿ. ಐದು ಗಂಟೆಗೆ ಎಲ್ಲರಿಗೂ ಉಪ್ಪಿಟ್ಟು ಬಡಿಸಿದರು. ಮಾವ ಎರಡನೇ ಸಲವೂ ಹಾಕಿಸಿಕೊಂಡರು. ಆಮೇಲೆ ಅಜ್ಜಿಯ ಮನೆಗೆ ಹೋಗಿ ನೋಡಿದರೆ ಮೇಜಿನ ತುಂಬ ಆಲೂಗಡ್ಡೆ, ಬಟಾಣಿ, ಕ್ಯಾರೆಟ್, ಚೀಸ್ ಹಾಕಿ ಬೇಯಿಸಿದ ಹೂಕೋಸು. ಒಂದು ಜಗ್ಗಿನಲ್ಲಿ ಬಿಸಿ ಬಿಸಿ ಈರುಳ್ಳಿ ಗ್ರೇವಿ. ನಾವು ಸಸ್ಯಾಹಾರಿಗಳು ಅಂತ ಪಾಪ, ಆಕೆ ಬೆಳಗಿನಿಂದ ಒದ್ದಾಡಿ ಮಾಡಿದ್ದರು. ಎಲ್ಲರ ತಟ್ಟೆಗೂ ಬಟ್ಟಲಿನ ಆಕಾರದ, ಕಂದು ಬಣ್ಣದ, ಉಬ್ಬಿದ ಒಂದು ತಿಂಡಿ ಬಿತ್ತು. "ಯಾರ್ಕ್‌ಷೈರ್ ಪುಡಿಂಗ್" ಅಂದರು ಅಜ್ಜಿ, ಹೆಮ್ಮೆಯಿಂದ.

ಪುಡಿಂಗ್ ಅಂದಮೇಲೆ ಸಿಹಿ ಅಲ್ವಾ? ಅತ್ತೆ ಅದನ್ನು ಕೊನೆಗೆ ತಿನ್ನೋಣ ಅಂತ ತಟ್ಟೆಯ ಅಂಚಿಗೆ ಸರಿಸಿದರು. ಅಜ್ಜಿ ಜಗ್ಗು ಎತ್ತಿ ಅದರ ಮೇಲೇ ಗ್ರೇವಿ ಸುರಿದರು. "ಅಯ್ಯೋ, ಸಿಹಿ ಮೇಲೆ ಸಾರು!" ಅಂತ ಅತ್ತೆಯ ಬಾಯಿಂದ ಕನ್ನಡದಲ್ಲೇ ಬಂತು. ನನ್ನ ಗಂಡ ನಯವಾಗಿ ಇದರೊಳಗೆ ಏನಿದೆ ಅಂತ ವಿಚಾರಿಸಿದ. ಮೈದಾ, ಹಾಲು, ಮೊಟ್ಟೆ. ಅಜ್ಜಿಯ ಲೆಕ್ಕದಲ್ಲಿ ಅದು ಪಕ್ಕಾ ಸಸ್ಯಾಹಾರವೇ. ಅತ್ತೆಯ ಪುಡಿಂಗ್ ಮೇಜಿನ ಕೆಳಗಿನಿಂದ ಮಾವನ ತಟ್ಟೆಗೆ ಹೋಯಿತು. ಉಪ್ಪಿಟ್ಟಿನ ಮೇಲೆ ಎರಡು ಪುಡಿಂಗ್ ತಿಂದು ಮಾವ ಬೆಲ್ಟ್ ಸಡಿಲ ಮಾಡಿ ಕೂತಿದ್ದಾಗ ಅಜ್ಜಿ ಕೇಳಿದರು: "ಈಗ ಒಂದು ಕಪ್ ಟೀ ಕುಡಿಯುತ್ತೀರಾ?"

ಮಾವ ನನ್ನ ಕಡೆ ತಿರುಗಿ, "ಹಾಗಾದ್ರೆ ಇಲ್ಲೀವರೆಗೆ ನಡೆದದ್ದು ಏನಮ್ಮಾ?" ಅಂದರು.

ನಡೆದದ್ದೂ ಟೀನೇ. ಇಂಗ್ಲೆಂಡಿನ ಉತ್ತರದ ಕಡೆ ಬಹಳಷ್ಟು ಮನೆಗಳಲ್ಲಿ ಮಧ್ಯಾಹ್ನದ ಊಟ ಡಿನ್ನರ್, ಸಂಜೆಯ ಊಟ ಟೀ. ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನ ಬಡಿಸುವವರನ್ನು ಡಿನ್ನರ್ ಲೇಡಿ ಅಂತಲೇ ಕರೆಯುತ್ತಾರೆ. ಹಿಂದೆ ಎಲ್ಲರ ಡಿನ್ನರೂ ನಡುಹಗಲಿನದ್ದೇ ಆಗಿತ್ತು. ದುಡ್ಡಿದ್ದವರು ಅದನ್ನು ಮೆಲ್ಲಗೆ ರಾತ್ರಿಗೆ ತಳ್ಳಿಕೊಂಡು ಹೋದರು. ಗಿರಣಿಯಲ್ಲಿ, ಗಣಿಯಲ್ಲಿ ದುಡಿಯುವವರು ಸಂಜೆ ಮನೆಗೆ ಬಂದು ಟೀ ಜೊತೆ ಹೊಟ್ಟೆ ತುಂಬ ಉಣ್ಣುತ್ತಿದ್ದರು, ಆ ಊಟಕ್ಕೆ ಟೀ ಅನ್ನುವ ಹೆಸರೇ ನಿಂತಿತು. ಹೈ ಟೀ ಅಂದರೂ ಕೂಲಿಯವರ ಈ ಊಟವೇ. ಬೆಂಗಳೂರಿನ ಸ್ಟಾರ್ ಹೋಟೆಲುಗಳಲ್ಲಿ ಬೆರಳುದ್ದದ ಸ್ಯಾಂಡ್‌ವಿಚ್ ಇಟ್ಟು ಹೈ ಟೀ ಅಂತ ಬಿಲ್ ಕೈಗಿಡುತ್ತಾರಲ್ಲ, ಅದನ್ನು ಆ ಗಣಿ ಕೆಲಸದವರು ನೋಡಿದ್ದರೆ ಮೇಜು ಉಲ್ಟಾ ಮಾಡುತ್ತಿದ್ದರು.

ಅವತ್ತಿನಿಂದ ಅತ್ತೆಗೆ ಪುಡಿಂಗ್ ಪದದ ಮೇಲೆ ನಂಬಿಕೆ ಹೋಯಿತು. ಒಳ್ಳೆಯದೇ ಆಯಿತು ಅನ್ನಿ. ಅಲ್ಲಿ ಐಸ್‌ಕ್ರೀಮೂ ಪುಡಿಂಗೇ, ಹಂದಿಯ ರಕ್ತಕ್ಕೆ ಓಟ್ಸ್ ಬೆರೆಸಿ ಮಾಡುವ ಬ್ಲ್ಯಾಕ್ ಪುಡಿಂಗೂ ಪುಡಿಂಗೇ.

ಡಿಸೆಂಬರಿನಲ್ಲಿ ಅದೇ ಅಜ್ಜಿ ಕ್ರಿಸ್‌ಮಸ್‌ಗೆ ಅಂತ ಮಿನ್ಸ್ ಪೈ ಡಬ್ಬಿ ತಂದುಕೊಟ್ಟರು. ಡಬ್ಬಿಯ ಮೇಲೆ ಮಿನ್ಸ್‌ಮೀಟ್ ಅಂತ ಬರೆದಿತ್ತು. ಅತ್ತೆ ಅದನ್ನು ಫ್ರಿಜ್ಜಿನ ಹತ್ತಿರಕ್ಕೂ ಬಿಡಲಿಲ್ಲ, ಬಾಲ್ಕನಿಯಲ್ಲಿಡಿಸಿದರು. "ಅಮ್ಮಾ, ಅದರಲ್ಲಿ ಮೀಟ್ ಇರೋದು ಹೆಸರಿಗೆ ಮಾತ್ರ. ಒಳಗೆ ದ್ರಾಕ್ಷಿ, ಸೇಬು, ಸಕ್ಕರೆ, ಚಕ್ಕೆ, ಜಾಯಿಕಾಯಿ" ಅಂತ ನನ್ನ ಗಂಡ ಪಾಠ ಮಾಡಿದ. ಅವನು ಹೇಳಿದ್ದು ನಿಜ. ಹಳೇ ಕಾಲದಲ್ಲಿ ಕೊಚ್ಚಿದ ಮಾಂಸವನ್ನೇ ಹಾಕುತ್ತಿದ್ದರು. ಬರಬರುತ್ತಾ ಹಣ್ಣು, ಸಕ್ಕರೆ ಜಾಸ್ತಿಯಾಗಿ ಮಾಂಸ ಬಿಟ್ಟುಹೋಯಿತು, ಹೆಸರು ಉಳಿಯಿತು. ಇಂಗ್ಲಿಷ್ ಮೇಡಂಗೇ ಇಂಗ್ಲಿಷ್ ಹೇಳಿಕೊಟ್ಟ ಖುಷಿಯಲ್ಲಿ ಅವನು ಒಂದು ಪೈ ಕೈಗೆತ್ತಿಕೊಂಡ. ನಾನು ಸುಮ್ನೆ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿದೆ. ಬೀಫ್ ಸೂಯೆಟ್. ಅಂದರೆ ದನದ ಕೊಬ್ಬು. ಈಗ ಗಿಡದ ಎಣ್ಣೆಯ ಸೂಯೆಟ್ ಹಾಕಿದ್ದೂ ಸಿಗುತ್ತದೆ, ಆದರೆ ನಮ್ಮ ಡಬ್ಬಿ ಆ ಜಾತಿಯದಲ್ಲ. ಅತ್ತೆ ಏನೂ ಹೇಳಲಿಲ್ಲ. ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಮಗನನ್ನು ನೋಡಿದರು. ಅರಸೀಕೆರೆಯ ಹುಡುಗರು ಬೆಂಚು ಹತ್ತುತ್ತಿದ್ದದ್ದು ಆ ನೋಟಕ್ಕೇ ಇರಬೇಕು.

ಇಷ್ಟು ಹುಷಾರಾಗಿದ್ದ ಅತ್ತೆಯನ್ನು ಬೀಳಿಸಿದ್ದು ಅವರ ಸ್ವಂತ ಮಗಳು. ನನ್ನ ನಾದಿನಿ ಇರುವುದು ಅಮೆರಿಕದ ಅಟ್ಲಾಂಟಾದಲ್ಲಿ. ನಮ್ಮ ಬೀದಿಯ ಮಗುವೊಂದರ ಬರ್ತ್‌ಡೇಗೆ ಹೊರಟಾಗ ಅತ್ತೆ ಫೋನಿನಲ್ಲಿ, "ಜೆಲ್ಲಿ ತಿನ್ನಬಹುದೇನೇ?" ಅಂತ ಕೇಳಿದರು. "ಧಾರಾಳವಾಗಿ ತಿನ್ನಮ್ಮ, ಹಣ್ಣಿನ ರಸ ಸಕ್ಕರೆ ಅಷ್ಟೇ, ನಾವು ದಿನಾ ಬ್ರೆಡ್ಡಿಗೆ ಹಚ್ತೀವಿ" ಅಂದಳು. ಅವಳ ದೇಶದಲ್ಲಿ ಜೆಲ್ಲಿ ಅಂದರೆ ಸೋಸಿದ ಜಾಮ್. ಬ್ರಿಟನ್ನಿನಲ್ಲಿ ಜೆಲ್ಲಿ ಅಂದರೆ ಬಟ್ಟಲಿನಲ್ಲಿ ಗಡಗಡ ನಡುಗುವ ಸಿಹಿ, ಸಾಮಾನ್ಯವಾಗಿ ಪ್ರಾಣಿಗಳ ಚರ್ಮ ಮೂಳೆಯಿಂದ ತೆಗೆದ ಜೆಲಟಿನ್ ಹಾಕಿ ಮಾಡಿದ್ದು. ಅತ್ತೆ ಎರಡು ಬಟ್ಟಲು ತಿಂದು, ಮಗುವಿನ ತಾಯಿಗೆ "ವೆರಿ ಲೈಟ್ ಆನ್ ದ ಸ್ಟಮಕ್" ಅಂತ ಸರ್ಟಿಫಿಕೇಟೂ ಕೊಟ್ಟರು. ವಿಷಯ ಗೊತ್ತಿರುವುದು ನನಗೆ, ನನ್ನ ಗಂಡನಿಗೆ, ನಾದಿನಿಗೆ. ಅತ್ತೆ ಫೋನಿನಲ್ಲಿ ಬರೀ ಅಡುಗೆ ವಿಡಿಯೋ ನೋಡುತ್ತಾರೆ, ಆ ಧೈರ್ಯದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ.

ಮುಂದಿನ ವರ್ಷ ಎಲ್ಲರೂ ಅಟ್ಲಾಂಟಾಗೆ ಹೋದೆವು. ಬೆಳಗಿನ ತಿಂಡಿಗೆ ಹೊರಗೆ ಹೋದಾಗ ಮಾವ ಯಾರ ಸಹಾಯವೂ ಬೇಡ ಅಂತ ತಾವೇ ಆರ್ಡರ್ ಮಾಡಿದರು: ಟೀ, ಬಿಸ್ಕತ್ತು. ಇಷ್ಟು ಸರಳವಾದದ್ದು ಯಾವ ದೇಶದಲ್ಲಾದರೂ ಸಿಗಬೇಕು ತಾನೇ? ಹುಡುಗಿ "ಸ್ವೀಟ್ ಆರ್ ಅನ್‌ಸ್ವೀಟ್?" ಅಂದಳು. ಸಕ್ಕರೆ ಇಲ್ಲದ ಟೀ ಯಾರು ಕುಡೀತಾರೆ ಅಂತ ಮಾವ ಸ್ವೀಟ್ ಅಂದರು. ಬಂದದ್ದು ಮೊಳದುದ್ದದ ಗ್ಲಾಸು, ತುಂಬ ಐಸು, ಸ್ಟ್ರಾ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬರೀ ಟೀ ಅಂದರೆ ಐಸ್ ಟೀನೇ. ಬಿಸಿ ಬೇಕಾದವರು ಬಾಯಿಬಿಟ್ಟು ಹಾಟ್ ಟೀ ಅನ್ನಬೇಕು. ಜೊತೆಗೆ ತಟ್ಟೆಯಲ್ಲಿ ಮೆತ್ತಗಿನ, ದಪ್ಪನೆಯ, ಉಪ್ಪುಪ್ಪಾದ ಎರಡು ಉಂಡೆ, ಮೇಲೆ ಸುರಿದುಕೊಳ್ಳಲು ಬಿಳೀ ಗ್ರೇವಿ. ನಾದಿನಿ ಹಾರಿ ಬಂದು ಗ್ರೇವಿ ಬಟ್ಟಲು ಎತ್ತಿಟ್ಟಳು. ಹಂದಿಯ ಸಾಸೇಜ್ ಹಾಕಿದ್ದು.

"ಇದು ಖಾರ ಹಾಕೋದು ಮರೆತ ಖಾರಾ ಬನ್ನು" ಅಂತ ಮಾವ ತೀರ್ಪು ಕೊಟ್ಟರು. ಆದರೂ ಅಭ್ಯಾಸ ಬಿಡುತ್ತದೆಯೇ? ಒಂದು ಚೂರು ಮುರಿದು ಐಸ್ ಟೀಯಲ್ಲಿ ಅದ್ದಿದರು. ಕಾಯುತ್ತಾ ಕೂತರು. ನಾವು ಬಿಸ್ಕತ್ತು ಅನ್ನುವುದಕ್ಕೆ ಅಲ್ಲಿ ಕುಕ್ಕಿ ಅನ್ನುತ್ತಾರೆ, ಅದು ಡಚ್ಚರಿಂದ ಬಂದ ಮಾತು. ನಮ್ಮದು ಬ್ರಿಟಿಷರಿಂದ ಬಂದದ್ದು. ಮಾವ ದಿನಾ ಅದ್ದಿಕೊಂಡು ತಿನ್ನುವ ಮಾರೀ ಬಿಸ್ಕತ್ತು 1874ರಲ್ಲಿ ರಷ್ಯಾದ ರಾಜಕುಮಾರಿ ಮಾರಿಯಾ ಬ್ರಿಟಿಷ್ ರಾಜಕುಮಾರನನ್ನು ಮದುವೆಯಾದಾಗ ಲಂಡನ್ನಿನ ಬೇಕರಿ ಕಂಪನಿಯೊಂದು ಅವಳ ಹೆಸರಿಟ್ಟು ಮಾಡಿದ್ದು. ಮಾವನಿಗೆ ಇದನ್ನು ಹೇಳಿದೆ. "ಆ ಹುಡುಗಿ ಇಲ್ಲಿಗೆ ಸೊಸೆಯಾಗಿ ಬಂದಿದ್ರೆ ಎಷ್ಟು ಚೆನ್ನಾಗಿರ್ತಿತ್ತು" ಅಂದರು.

ಆಮೇಲೆ ನಾವು ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಬಂದೆವು. ತರಕಾರಿ ಅಂಗಡಿಯಲ್ಲಿ ಕ್ಯಾಪ್ಸಿಕಂ ಅನ್ನುವ ಬೋರ್ಡು ಕಂಡು ಅತ್ತೆಗೆ ತವರಿಗೆ ಬಂದಷ್ಟು ಸಮಾಧಾನ. ಲೀಡ್ಸ್‌ನಲ್ಲಿ ಅದನ್ನು ಬರೀ ಪೆಪ್ಪರ್ ಅನ್ನುತ್ತಿದ್ದರು. ಎರಡು ಪೆಪ್ಪರ್ ಹೆಚ್ಚಿ ಹಾಕಿ ಅಂತ ಅಜ್ಜಿ ಬರೆದುಕೊಟ್ಟ ಸೂಪಿನ ಚೀಟಿ ಹಿಡಿದು, "ಎರಡು ಕಾಳು ಮೆಣಸನ್ನ ಯಾಕೆ ಹೆಚ್ಚಬೇಕು?" ಅಂತ ಅತ್ತೆ ತಲೆ ಕೆಡಿಸಿಕೊಂಡಿದ್ದರು. ಆದರೆ ಪಕ್ಕದ ಬುಟ್ಟಿಯಲ್ಲೇ ಬದನೆಕಾಯಿಗೆ ಎಗ್‌ಪ್ಲಾಂಟ್ ಅಂತ ಚೀಟಿ. ಮೊಟ್ಟೆಯಂತೆ ಬೆಳ್ಳಗೆ, ಗುಂಡಗೆ ಇದ್ದ ತಳಿ ನೋಡಿ ಇಟ್ಟ ಹೆಸರಂತೆ. ಎಣಗಾಯಿ ಮಾಡುವಾಗಲೂ ಆ ಚೀಟಿ ಕಿತ್ತು ಎಸೆದೇ ತೊಳೆಯುತ್ತಿದ್ದರು.

ನಾದಿನಿ ಬಂದಾಗ ಅವಳ ಸರದಿ. ಹಸಿದು ಬಂದವಳು ಹೋಟೆಲಿನಲ್ಲಿ ಆಂತ್ರೇ ಪಟ್ಟಿಯಿಂದ ಒಂದೇ ಒಂದು ತಿಂಡಿ ಹೇಳಿದಳು. ಅವರಲ್ಲಿ ಅದು ಮುಖ್ಯ ಊಟ, ಇಲ್ಲಿ ಊಟಕ್ಕೆ ಮೊದಲಿನ ತುತ್ತು. ಬಂದದ್ದು ಮೂರು ಅಣಬೆ.

ಇನ್ನು ತಟ್ಟೆಯ ಕಥೆ. ಎದುರು ಮನೆಯವರಿಂದ ಮೆಸೇಜ್: ಸಂಡೇ ಆರ್ವೋ ಬಾರ್ಬಿ, ಬ್ರಿಂಗ್ ಎ ಪ್ಲೇಟ್. ಆರ್ವೋ ಅಂದರೆ ಮಧ್ಯಾಹ್ನ, ಬಾರ್ಬಿ ಅಂದರೆ ಬಾರ್ಬೆಕ್ಯೂ. ನನ್ನ ಮಗಳು ಗೊಂಬೆ ಎತ್ತಿಕೊಂಡು ರೆಡಿಯಾದಳು. ಪ್ಲೇಟ್ ಅಂದರೆ ಮಾತ್ರ ಪ್ಲೇಟೇ ಇರಬೇಕು ಅಂದುಕೊಂಡೆವು. "ಪಾಪ, ಜನ ಜಾಸ್ತಿ ಇರ್ಬೇಕು, ತಟ್ಟೆ ಸಾಲದು" ಅಂತ ಅತ್ತೆ ಊರಿಂದ ಹೊತ್ತು ತಂದಿದ್ದ ಸ್ಟೀಲ್ ತಟ್ಟೆಗಳನ್ನೆಲ್ಲ ತೊಳೆದು ಚೀಲಕ್ಕೆ ತುಂಬಿದರು. ಒಂದೊಂದರ ಮೇಲೂ ಪಾತ್ರೆ ಅಂಗಡಿಯ ಮೆಷಿನ್ನಿನಲ್ಲಿ ಕೊರೆಸಿದ ಅಕ್ಷರ: ಗೃಹಪ್ರವೇಶದ ಕಾಣಿಕೆ, 12-5-1996.

ಉಳಿದವರೆಲ್ಲ ತಟ್ಟೆ ತುಂಬ ಸಲಾಡು, ಕೇಕು ತಂದಿದ್ದರು. ಆ ಮಾತಿನ ಅರ್ಥ ಅದೇ, ಒಂದು ತಿಂಡಿ ಮಾಡಿ ತನ್ನಿ ಅಂತ. ಮನೆಯೊಡತಿ ನಮ್ಮ ಚೀಲ ತೆರೆದು ಅಕ್ಷರಗಳ ಮೇಲೆ ಬೆರಳಾಡಿಸಿ, ಇಂಡಿಯಾದಿಂದ ನಮಗೋಸ್ಕರ ಉಡುಗೊರೆ ತಂದಿದ್ದೀರಾ ಅಂತ ಅತ್ತೆಯನ್ನು ತಬ್ಬಿಕೊಂಡರು. ತಬ್ಬಿಕೊಂಡವರ ಹತ್ತಿರ ವಾಪಸ್ ಕೊಡಿ ಅನ್ನುವುದು ಹೇಗೆ?

ಈಗಲೂ ಅತ್ತೆ ಊರಿಂದ ಫೋನ್ ಮಾಡಿದಾಗಲೆಲ್ಲ, "ತಟ್ಟೆ ಇಸ್ಕೊಂಡ್ಯಾ?" ಅಂತಾರೆ. ಒಂದನ್ನು ಅವರು ಶೋಕೇಸಿನಲ್ಲಿ ನಿಲ್ಲಿಸಿದ್ದಾರೆ ಅಂತ ಮೊನ್ನೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಷರ ತಲೆಕೆಳಗಾಗಿ ನಿಲ್ಸಿಲ್ಲ ತಾನೇ?" ಅಂದರು.

ನಿಲ್ಲಿಸಿದ್ದಾರೆ. ಇನ್ನೂ ಹೇಳಿಲ್ಲ.