ಉಳುಕಿದ ಕಾಲಿಗೆ ಬಿಸಿ ಎಣ್ಣೆ: ಒಂದು ಸ್ಪಷ್ಟನೆ

"ಕಾಲು ಉಳುಕಿದ ಕೂಡಲೇ ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿ; ನಡೆಯಲು ಬಂದರೆ ಮೂಳೆ ಮುರಿದಿಲ್ಲ" ಎಂಬ ಸಂದೇಶವು ತೀರ್ಥಹಳ್ಳಿ, ಹೊಸನಗರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಪರಿಶೀಲಿಸದೆ ಅದನ್ನು ಹಂಚಿದವರಲ್ಲಿ ನಾನೂ ಒಬ್ಬ. ಅದರ ಎರಡು ಮಾತುಗಳೂ ಸರಿಯಲ್ಲ.

ಪಾಚಿಗಟ್ಟಿದ ಜಂಬಿಟ್ಟಿಗೆ ಮೆಟ್ಟಿಲಲ್ಲಿ ಜಾರಿ ಪಾದ ಒಳಕ್ಕೆ ಹೊರಳಿದಾಗ, ಹರಡಿನ (ಪಾದ ಮತ್ತು ಕಾಲು ಸೇರುವ ಕೀಲಿನ) ಹೊರಮಗ್ಗುಲಿನ ಅಸ್ಥಿರಜ್ಜು, ಅಂದರೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಎಳೆದು ಭಾಗಶಃ ಹರಿಯಬಹುದು. ಮೊದಲ ಎರಡು ಮೂರು ದಿನ ಶಾಖ ಕೊಡುವುದರಿಂದಲೂ ತಿಕ್ಕುವುದರಿಂದಲೂ ಒಳಗಿನ ರಕ್ತಸ್ರಾವ ಮತ್ತು ಬಾವು ಹೆಚ್ಚಬಹುದು. ಬದಲಾಗಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಒಂದು ಸಲಕ್ಕೆ 15ರಿಂದ 20 ನಿಮಿಷ ಇಟ್ಟು, ಹಿತವಾದ ಬಿಗಿಯಲ್ಲಿ ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡಬೇಕು.

ಮೂಳೆಯ ವಿಷಯದಲ್ಲಿ ವೈದ್ಯರು ಎಕ್ಸ್‌ರೇ ಬೇಕೇ ಎಂದು ತೀರ್ಮಾನಿಸಲು 1992ರಲ್ಲಿ ಪ್ರಕಟವಾದ ಒಟ್ಟಾವ ನಿಯಮಗಳನ್ನು ಅನುಸರಿಸುತ್ತಾರೆ. ಅವುಗಳ ಪ್ರಕಾರ, ಹರಡಿನ ಸುತ್ತ ನೋವಿದ್ದು ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಮಾತ್ರವಲ್ಲ, ನಡೆಯಲು ಬಂದರೂ ಹರಡಿನ ಮೂಳೆಯ ಹಿಂಬದಿಯ ಅಂಚನ್ನೋ ತುದಿಯನ್ನೋ ಒತ್ತಿದಾಗ ನೋವಾದರೆ ಎಕ್ಸ್‌ರೇ ಬೇಕು.

ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವುದುಂಟು. ನೋವು ಇಳಿದ ಮೇಲೆ ದಿನವೂ ಒಂಟಿಕಾಲಿನಲ್ಲಿ ನಿಂತು ಸಮತೋಲನ ಸಾಧಿಸುವ ಅಭ್ಯಾಸ ಇದನ್ನು ತಗ್ಗಿಸುತ್ತದೆ. ಹಲ್ಲುಜ್ಜುವಾಗ ಮಾಡಿದರೂ ಸಾಕು.

ಹಳೆಯ ಸಂದೇಶವನ್ನು ದಯವಿಟ್ಟು ಇನ್ನು ಯಾರಿಗೂ ಕಳುಹಿಸಬೇಡಿ.