ಅಪ್ಪನ ಕಿರ್ದಿ ಪುಸ್ತಕ ಕಲಿಸಿದ ಪಾರಸಿ

ದುಬೈಗೆ ಬಂದು ಹನ್ನೊಂದು ವರ್ಷವಾಯಿತು. ದೇರಾದಲ್ಲಿ ಲೆಕ್ಕಪತ್ರದ ಕೆಲಸ. ಇರಾನಿ ವ್ಯಾಪಾರಿಗಳ ಜೊತೆ ದಿನವೂ ಮಾತು. ಅದಕ್ಕೇ ಪಾರಸಿ ಕಲಿಯಲು ಹೊರಟೆ. ಇಂಗ್ಲಿಷ್ ಪದ ಒಂದು ಕಡೆ, ಪಾರಸಿ ಪದ ಇನ್ನೊಂದು ಕಡೆ ಬರೆದು ಬಾಯಿಪಾಠ ಮಾಡಿದೆ. ಒಂದೂ ತಲೆಯಲ್ಲಿ ನಿಲ್ಲಲಿಲ್ಲ.

ಆಗ ನೆನಪಾದದ್ದು ಹುಬ್ಬಳ್ಳಿಯಲ್ಲಿ ಅಪ್ಪ ನಡೆಸುತ್ತಿದ್ದ ಹತ್ತಿ ದಲಾಲಿ ಅಂಗಡಿಯ ಕಿರ್ದಿ ಪುಸ್ತಕ. ಜಮಾ, ಖರ್ಚು, ಬಾಕಿ, ನಗದು, ರಸೀದಿ. ಪಾರಸಿಯಲ್ಲಿ ಜಮ್, ಖರ್ಜ್, ಬಾಗಿ, ನಗ್ದ್, ರೆಸೀದ್! ಇವುಗಳಲ್ಲಿ ಜಾಸ್ತಿ ಅರಬ್ಬಿಯಲ್ಲಿ ಹುಟ್ಟಿದವು. ನಮ್ಮ ಕಡೆಗೆ ಬಂದದ್ದು ಪಾರಸಿಯ ಕೈ ಹಿಡಿದು, ವಿಜಯಪುರದ ಆದಿಲ್‌ಶಾಹಿಗಳಂಥವರ ದಫ್ತರಗಳಿಂದ. ಹೀಗೆ ಗುರುತಿನ ಪದದಿಂದ ಶುರು ಮಾಡುವುದೇ ಕನ್ನಡಿಗರಿಗೆ ಸರಿಯಾದ ದಾರಿ ಅನ್ನಿಸಿತು.

ಆದರೆ ಎಚ್ಚರ ಬೇಕು. ಹಿಂದಿಯಲ್ಲಿ ಸೂದ್ ಅಂದರೆ ಬಡ್ಡಿ, ಪಾರಸಿಯಲ್ಲಿ ಲಾಭ. 1983ರ ಕಾನೂನು ಬಡ್ಡಿಯಿಲ್ಲದ ಬ್ಯಾಂಕಿಂಗ್ ತಂದ ಮೇಲೆ ಇರಾನಿನ ಬ್ಯಾಂಕುಗಳು ಠೇವಣಿಗೆ ಕೊಡುವುದನ್ನೂ ಸೂದ್ ಎಂದೇ ಕರೆಯುತ್ತವೆ. ದಲ್ಲಾಲ್ ಅಂದರೆ ಅಲ್ಲಿ ಕೊಂಚ ಹಗುರ ಮಾತು. ಶೇರು ದಲ್ಲಾಳಿಗೆ ಕಾರ್‌ಗೊಜಾರ್ ಎನ್ನಬೇಕು.

ನನಗೆ ತುಂಬಾ ಹಿಡಿಸಿದ್ದು ಅವರ ಶೇರುಪೇಟೆಯ ಮಾತು. ಪೇಟೆಗೆ ಬೂರ್ಸ್ ಎಂಬ ಫ್ರೆಂಚ್ ಪದವನ್ನೇ ಇಟ್ಟುಕೊಂಡಿದ್ದಾರೆ, ಮಡಿವಂತಿಕೆ ಇಲ್ಲ. ಆದರೆ ಒಳಗಿನ ಮಾತು ಬಹುಪಾಲು ಮನೆಯದು. 2020ರ ಆಗಸ್ಟ್‌ನಲ್ಲಿ ಟೆಹ್ರಾನ್ ಶೇರುಪೇಟೆಯ ಸೂಚ್ಯಂಕ 20 ಲಕ್ಷ ದಾಟಿ, ಆಮೇಲೆ ಕುಸಿಯಿತು. ಒಂದು ದಿನಕ್ಕೆ ಬೆಲೆ ಇಷ್ಟೇ ಇಳಿಯಬಹುದು ಎಂಬ ಮಿತಿ ಅಲ್ಲಿದೆ. ಹಾಗಾಗಿ ಕೊಳ್ಳುವವರು ಒಪ್ಪುವಷ್ಟು ಬೆಲೆ ಒಂದೇ ದಿನ ಇಳಿಯದೆ, ಮಾರಬೇಕೆಂದವರಿಗೆ ಗಿರಾಕಿ ಸಿಗದೆ ಆರ್ಡರುಗಳು ಸಾಲುಗಟ್ಟಿದವು. ಅದಕ್ಕೆ ಅವರು ಸಫ್-ಎ ಫೊರೂಶ್ ಅಂತಾರೆ, ಮಾರಾಟದ ಸಾಲು. ಕೇಳಿದ ಕೂಡಲೇ ಕಣ್ಣಿಗೆ ಕಟ್ಟುತ್ತದೆ ಅಲ್ವಾ? ಒಬ್ಬರು ಕೊಂಡಿಟ್ಟ ಶೇರುಗಳನ್ನೆಲ್ಲ ಸೇರಿಸಿ ನಾವು ಪೋರ್ಟ್‌ಫೋಲಿಯೊ ಅನ್ನುವುದಕ್ಕೆ ಅವರದು ಸಬದ್, ಅಂದರೆ ಬುಟ್ಟಿ.

ನಮ್ಮಲ್ಲೂ ಬಂಡವಾಳ, ಪಾಲು, ಬುಟ್ಟಿ ಎಲ್ಲ ಇವೆ. ಇದ್ದೂ ಹಣದ ಮಾತು ಬಂದರೆ ಇಂಗ್ಲಿಷಿಗೆ ಜಾರುತ್ತೇವೆ. ಮನೆಯ ಹಿರಿಯರು ದೂರ ಕೂರುತ್ತಾರೆ. ಇದು ನನಗೆ ನೋವಿನ ಸಂಗತಿ. ಹೋದ ತಿಂಗಳು ಫೋನಿನಲ್ಲಿ ಅವ್ವನಿಗೆ ಪೋರ್ಟ್‌ಫೋಲಿಯೊ ಎನ್ನದೆ ಶೇರಿನ ಬುಟ್ಟಿ ಎಂದೆ. ಇಷ್ಟು ವರ್ಷ ಈ ವಿಷಯಕ್ಕೆ ಬರೀ ಹೂಂ ಎನ್ನುತ್ತಿದ್ದವಳು ಮೊದಲ ಸಲ ಕೇಳಿದಳು: "ಬುಟ್ಟಿಯಾಗ ಯಾವ್ಯಾವ ಕಂಪನಿ ಹಾಕೀಯಪಾ?"